ನೆರೆಯವರೊಂದಿಗೆ ಎಷ್ಟು ಪಂದ್ಯ?

ರಾಜರಾಜೇಶ್ವರಿನಗರದ ನಮ್ಮ ಬಡಾವಣೆಯಲ್ಲಿ ಬೇಸಿಗೆ ಬಂತೆಂದರೆ ಟೆನಿಸ್ ಬಾಲ್ ಟೂರ್ನಮೆಂಟ್. ಈ ಸಲ 12 ತಂಡ. ಪಂದ್ಯಗಳ ಪಟ್ಟಿ ಬರೆಯಲು ಕೂತ ಹುಡುಗರು ಮಾತಿಗೆ ಮಾತು ಬೆಳೆಸಿ ನನ್ನ ಗೇಟಿನ ಮುಂದೆಯೇ ಪಂಚಾಯ್ತಿ ಹೂಡಿದರು. ‘ಪಕ್ಕದ ಕ್ರಾಸ್‌ನೋರ ಜೊತೆ ದಿನಾ ಆಡ್ತೀವಲ್ಲ ಅಂಕಲ್, ಟೂರ್ನಮೆಂಟಲ್ಲೂ ಅವರ ಜೊತೆನೇ ಆಡ್ಬೇಕಾ? ಕೆಂಗೇರಿ ಟೀಮ್ ಜೊತೆ ಮ್ಯಾಚ್ ಹಾಕಿ’ ಎಂದು ಒಬ್ಬ. ‘ಕೆಂಗೇರಿಯೋರ ಮ್ಯಾಚ್ ನೋಡಕ್ಕೆ ಯಾರ್ ಬರ್ತಾರೋ? ಪಕ್ಕದ ಕ್ರಾಸ್ ಮ್ಯಾಚ್ ಅಂದ್ರೆ ಇಡೀ ರೋಡ್ ಬರುತ್ತೆ’ ಎಂದು ಇನ್ನೊಬ್ಬ. ಇಬ್ಬರು ಹೇಳಿದ್ದೂ ನಿಜ. ತೀರ್ಪು ಹೇಳಬೇಕಾದ ನನಗೆ ಮಾತೇ ಹೊರಡಲಿಲ್ಲ.

ಇದು ಗಲ್ಲಿ ಕ್ರಿಕೆಟ್ಟಿನ ಜಗಳ ಮಾತ್ರವಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಇದೇ ವ್ಯಾಜ್ಯ ದಶಕಗಟ್ಟಲೆ ನಡೆದಿದೆ. ಅಲ್ಲಿನ ಕಾಲೇಜು ತಂಡಗಳು ‘ಕಾನ್ಫರೆನ್ಸ್’ ಎಂಬ ಒಕ್ಕೂಟಗಳಾಗಿ ಹಂಚಿಹೋಗಿವೆ. ವರ್ಷಕ್ಕೆ ಆಡುವ 12 ಪಂದ್ಯಗಳಲ್ಲಿ ಒಕ್ಕೂಟದ ಒಳಗೆ 8 ಆಡಬೇಕೋ 9 ಆಡಬೇಕೋ ಎಂಬುದೇ ತಕರಾರು. ‘ಬಿಗ್ ಟೆನ್’ ಒಕ್ಕೂಟ 2016ರಲ್ಲೇ 9ಕ್ಕೆ ಹೋಯಿತು. ದಕ್ಷಿಣದ ರಾಜ್ಯಗಳ ‘ಎಸ್‌ಇಸಿ’ 1992ರಿಂದ 8ಕ್ಕೇ ಅಂಟಿಕೊಂಡಿದ್ದು, 2026ರಿಂದ 9 ಆಡುವುದಾಗಿ ತೀರ್ಮಾನಿಸಿದ್ದು 2025ರಲ್ಲಿ. ಒಂದೇ ಒಂದು ಪಂದ್ಯ ಸೇರಿಸಲು 33 ವರ್ಷ!

ನಮ್ಮಲ್ಲಿ ಈ ಲೆಕ್ಕ ಹಾಕುತ್ತ ಬಂದಿರುವುದು ರಣಜಿ ಟ್ರೋಫಿ. ಒಕ್ಕೂಟದ ಬದಲು ‘ವಲಯ’ ಎಂದರು, ಅಷ್ಟೇ. ಮೈಸೂರು, ಆಮೇಲೆ ಕರ್ನಾಟಕ, 68 ವರ್ಷ ದಕ್ಷಿಣ ವಲಯದ ಮನೆಮಗನಾಗಿತ್ತು. ಆ ಮನೆಯಲ್ಲಿ ಎಷ್ಟು ದಿನ ಇರಬೇಕು, ಯಾವಾಗ ಹೊಸಿಲು ದಾಟಬೇಕು ಎಂಬುದನ್ನು ಪಂದ್ಯಗಳ ಪಟ್ಟಿಯೇ ನಿರ್ಧರಿಸುತ್ತಿತ್ತು.

ಒಂದು ದಿನದ ಋತು

1934ರ ನವೆಂಬರ್ 4, ಮದ್ರಾಸಿನ ಚೆಪಾಕ್ ಮೈದಾನ. ಮದ್ರಾಸ್ ಮತ್ತು ಮೈಸೂರು ತಂಡಗಳ ನಡುವೆ ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯ. ಎಂ.ಜೆ. ಗೋಪಾಲನ್ ಮೊದಲ ಎಸೆತ ಹಾಕಿದರು. ಮೈಸೂರು 48ಕ್ಕೆ ಆಲೌಟ್. ಮದ್ರಾಸ್ 130 ಗಳಿಸಿತು. ಮತ್ತೆ ಬ್ಯಾಟ್ ಹಿಡಿದ ಮೈಸೂರು 59ಕ್ಕೆ ಮುಗಿಯಿತು. ಎ.ಜಿ. ರಾಮ್ ಸಿಂಗ್ ಎರಡೂ ಇನಿಂಗ್ಸ್ ಸೇರಿ 11 ವಿಕೆಟ್ ಕಿತ್ತಿದ್ದರು. ಬೆಳಗ್ಗೆ ಶುರುವಾದ ಪಂದ್ಯ ಅಂದೇ ಮುಗಿದು, ಮೈಸೂರು ಇನಿಂಗ್ಸ್ ಮತ್ತು 23 ರನ್‌ಗಳಿಂದ ಸೋತಿತ್ತು.

ಪಂದ್ಯ ಒಂದೇ ದಿನಕ್ಕೆ ಮುಗಿದ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಮೈಸೂರಿನ ಆ ವರ್ಷದ ರಣಜಿಯೂ ಅಂದೇ ಮುಗಿಯಿತು ಎಂಬುದನ್ನು ಹೇಳುವವರು ಕಡಿಮೆ. ವಲಯದ ಒಳಗೆ ಆಗ ನಾಕೌಟ್ ಪದ್ಧತಿ. ಸೋತವರು ಮನೆಗೆ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ದೇಶವನ್ನು ನಾಲ್ಕು ಭಾಗ ಮಾಡಿ, ಆಯಾ ದಿಕ್ಕಿನಲ್ಲಿ ಗೆದ್ದು ಉಳಿದವರು ಮಾತ್ರ ಬೇರೆ ದಿಕ್ಕಿನವರ ಮುಖ ನೋಡುತ್ತಿದ್ದರು. ತಂಡಗಳು ರೈಲಿನಲ್ಲಿ ದಿನಗಟ್ಟಲೆ ಓಡಾಡಬೇಕಿದ್ದ ಕಾಲ ಅದು. ಆಗ ನಮ್ಮ ಈ ರಾಜರಾಜೇಶ್ವರಿನಗರವೇ ಇರಲಿಲ್ಲ. ಬೆಂಗಳೂರು ಬಿಟ್ಟ ಮೈಸೂರು ರೈಲು ವೃಷಭಾವತಿಯ ಬಯಲು ಹಾದು ಕೆಂಗೇರಿಯಲ್ಲಿ ನಿಂತು ಹೋಗುತ್ತಿತ್ತು. ಪಟ್ಟಣಗೆರೆ, ಹಲಗೇವಡೇರಹಳ್ಳಿಗಳು ಹೊಲಗದ್ದೆಗಳ ಊರುಗಳು.

ಈ ನಾಕೌಟ್ ಪದ್ಧತಿ 1956–57ರವರೆಗೂ ನಡೆಯಿತು. ನಡುವೆ 1952–53ರಲ್ಲಿ ಮಧ್ಯ ವಲಯ ಹುಟ್ಟಿ ದಿಕ್ಕುಗಳು ನಾಲ್ಕಿದ್ದದ್ದು ಐದಾದವು. ಅಷ್ಟರಲ್ಲಿ ಮೈಸೂರು ಒಮ್ಮೆ, 1941–42ರಲ್ಲಿ, ಫೈನಲ್ ತಲುಪಿ ಬಾಂಬೆಯ ಎದುರು ಇನಿಂಗ್ಸ್ ಅಂತರದಿಂದ ಸೋತಿತ್ತು. ಉಳಿದಂತೆ ನಮ್ಮ ಹುಡುಗರಿಗೆ ರಣಜಿ ಎಂದರೆ ವರ್ಷಕ್ಕೆ ಒಂದೋ ಎರಡೋ ಪಂದ್ಯ. ಒಬ್ಬ ಹುಡುಗ ಒಳ್ಳೆಯ ಆಟಗಾರನೋ, ಅಂದು ಮಾತ್ರ ಅದೃಷ್ಟ ಕುದುರಿತೋ ಎಂದು ತಿಳಿಯಲು ಅಷ್ಟು ಸಾಲದು.

ನಾಲ್ಕರ ಲೆಕ್ಕ

1957–58ರಲ್ಲಿ ವಲಯದೊಳಗೆ ಲೀಗ್ ಬಂತು. ರಾಜ್ಯಗಳ ಪುನರ್ವಿಂಗಡಣೆಯಾಗಿ ವರ್ಷವಷ್ಟೇ ಕಳೆದಿತ್ತು. ದಕ್ಷಿಣ ವಲಯದಲ್ಲಿ ಐದು ತಂಡಗಳು: ಮದ್ರಾಸ್, ಹೈದರಾಬಾದ್, ಆಂಧ್ರ, ಹೊಸದಾಗಿ ರೂಪುಗೊಂಡ ಕೇರಳ, ಮತ್ತು ಮೈಸೂರು. ಪ್ರತಿ ತಂಡವೂ ಉಳಿದ ನಾಲ್ವರೊಂದಿಗೆ ಒಂದೊಂದು ಪಂದ್ಯ ಆಡಬೇಕು. ಅಂದರೆ ನಾಲ್ಕು ಪಂದ್ಯ, ಒಂದೊಂದಕ್ಕೂ ಮೂರು ದಿನ. ನಾಲ್ಕೂ ಎದುರಾಳಿಗಳು ನೆರೆಯವರೇ.

ಈ ನಾಲ್ಕರ ಲೆಕ್ಕ ನಮ್ಮ ಕ್ರಿಕೆಟ್ಟಿನ ಸ್ವಭಾವವನ್ನೇ ತಿದ್ದಿತು. ಮೂರು ದಿನದಲ್ಲಿ ಎರಡೂ ಇನಿಂಗ್ಸ್ ಮುಗಿಸಿ ಗೆಲ್ಲುವುದು ಎಲ್ಲರಿಗೂ ಆಗುವ ಮಾತಲ್ಲ. ಹಾಗಾಗಿ ಮೊದಲ ಇನಿಂಗ್ಸ್ ಮುನ್ನಡೆಯೇ ಬಂಗಾರ. ಎರಡು ಪಂದ್ಯ ಕೈತಪ್ಪಿದರೆ ಮುಂದಿನ ದಾರಿ ಮುಚ್ಚಿಹೋಗುತ್ತಿತ್ತು. ಬೇರೆ ಊರಿನ ಪಿಚ್ ಹೇಗಿರುತ್ತದೆ, ಬಾಂಬೆಯ ಬ್ಯಾಟರು ಸ್ಪಿನ್ನಿಗೆ ಕಾಲು ಹೇಗೆ ಹಾಕುತ್ತಾನೆ ಎಂಬುದು ವರ್ಷವಿಡೀ ಕಣ್ಣಿಗೆ ಬೀಳುತ್ತಿರಲಿಲ್ಲ. ನೆರೆಯವರ ಗುಣವೋ, ಅಂಗೈ ರೇಖೆಯಷ್ಟು ಪರಿಚಿತ.

ಆದರೂ ಆ ನಾಲ್ಕು ಪಂದ್ಯಗಳೇ ಎಂಥವರನ್ನು ಹೊರತಂದವು! 1967ರ ನವೆಂಬರಿನಲ್ಲಿ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಎಂಬ ಹದಿನೆಂಟರ ಹುಡುಗ ವಿಜಯವಾಡದಲ್ಲಿ ಆಂಧ್ರದ ಎದುರು ಮೊದಲ ರಣಜಿ ಪಂದ್ಯ ಆಡಿ 230 ಹೊಡೆದ. ಸುಮಾರು ಎರಡು ವರ್ಷಕ್ಕೆ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ಎದುರು ಮೊದಲ ಟೆಸ್ಟ್: ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137.

ವಲಯದ ಅನ್ಯಾಯ ಇರುವುದು ಇಲ್ಲಿ. 1960ರ ದಶಕದ ದಕ್ಷಿಣವನ್ನು ನೆನೆಯಿರಿ. ನಮ್ಮಲ್ಲಿ ಪ್ರಸನ್ನ, ಚಂದ್ರಶೇಖರ್. ಮದ್ರಾಸಿನಲ್ಲಿ ವೆಂಕಟರಾಘವನ್. ಹೈದರಾಬಾದಿನಲ್ಲಿ ಪಟೌಡಿ, ಜಯಸಿಂಹ, ಅಬಿದ್ ಅಲಿ, ಅಬ್ಬಾಸ್ ಅಲಿ ಬೇಗ್. ಭಾರತ ತಂಡದ ಅರ್ಧ ಭಾಗ ಒಂದೇ ಓಣಿಯಲ್ಲಿ! ವಲಯದಿಂದ ಮುಂದೆ ಹೋಗುವುದು ಮಾತ್ರ ಒಂದೇ ತಂಡ. ಅತ್ತ ಬಾಂಬೆ 1958–59ರಿಂದ 1972–73ರವರೆಗೆ ಸತತ 15 ವರ್ಷ ಪಟ್ಟ ಬಿಟ್ಟುಕೊಡಲಿಲ್ಲ. ಮಧ್ಯ ವಲಯದ ರಾಜಸ್ಥಾನ 1960–61ರಿಂದ 1969–70ರ ನಡುವೆ ಏಳು ಸಲ ಫೈನಲ್ ತಲುಪಿ ಏಳೂ ಸಲ ಬಾಂಬೆಗೇ ಸೋತಿತು. ರಾಜಸ್ಥಾನದ ಶ್ರಮವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಹೈದರಾಬಾದಿಗೆ ಆ ದಶಕದಲ್ಲಿ ಒಂದೇ ಫೈನಲ್ (1964–65), ಮೈಸೂರಿಗೆ 1959–60ರ ನಂತರ ಒಂದೂ ಇಲ್ಲ. ಓಣಿಯ ಜಗಳದಲ್ಲೇ ನಮ್ಮ ಬಲವೆಲ್ಲ ಕರಗುತ್ತಿತ್ತು.

ಎರಡನೆಯವರಿಗೂ ಎಲೆ

1970–71ರಲ್ಲಿ ನಿಯಮ ಸಡಿಲವಾಯಿತು. ಪ್ರತಿ ವಲಯದಿಂದ ಎರಡು ತಂಡಗಳಿಗೆ ನಾಕೌಟಿನ ಪಂಕ್ತಿಯಲ್ಲಿ ಎಲೆ ಹಾಕಲಾಯಿತು. ಒಟ್ಟು 10 ತಂಡ. ಮೊದಲ ವರ್ಷವೇ ಆದದ್ದು ನೋಡಿ: ಫೈನಲ್‌ನಲ್ಲಿ ಬಾಂಬೆಗೆ ಎದುರಾದದ್ದು ಅದೇ ಪಶ್ಚಿಮ ವಲಯದ ಮಹಾರಾಷ್ಟ್ರ! ಹಿಂದಿನ ನಿಯಮ ಇದ್ದಿದ್ದರೆ ಇಬ್ಬರಲ್ಲಿ ಒಬ್ಬರು ವಲಯದಲ್ಲೇ ಉಳಿಯುತ್ತಿದ್ದರು. ತಾರೆಗಳೆಲ್ಲ ವೆಸ್ಟ್ ಇಂಡೀಸಿಗೆ ಹೋಗಿದ್ದರೂ ಬಾಂಬೆ 48 ರನ್‌ಗಳಿಂದ ಗೆದ್ದಿತು. ಸರಣಿ ಮುರಿಯಲಿಲ್ಲ, ಆದರೆ ಬಾಗಿಲು ತೆರೆದಿತ್ತು.

ಸರಣಿ ಮುರಿದದ್ದು 1974ರ ಮಾರ್ಚಿನಲ್ಲಿ, ಬೆಂಗಳೂರಿನಲ್ಲಿ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ನಾಲ್ಕೇ ತಿಂಗಳಾಗಿತ್ತು. ಸೆಮಿಫೈನಲ್‌ನಲ್ಲಿ ಬಾಂಬೆ ಎದುರಾಯಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಸುನಿಲ್ ಗಾವಸ್ಕರರ ಗೂಟ ಎಗರಿಸಿದವರು ನಾಯಕ ಎರಪಳ್ಳಿ ಪ್ರಸನ್ನ. 62ರಲ್ಲಿದ್ದ ಅಜಿತ್ ವಾಡೇಕರ್ ಕಾಲು ಜಾರಿ ರನ್ ಔಟ್ ಆದರು. ಬಾಂಬೆ 307ಕ್ಕೆ ನಿಂತಿತು. ಇನಿಂಗ್ಸ್ ಮುನ್ನಡೆಯ ಆಧಾರದಲ್ಲಿ ಕರ್ನಾಟಕ ಫೈನಲ್‌ಗೆ ಹೋಗಿ, ಜೈಪುರದಲ್ಲಿ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿ ಮೊದಲ ಪಟ್ಟ ತಂದಿತು. ರಾಜಸ್ಥಾನಕ್ಕದು ಎಂಟನೆಯ ಫೈನಲ್ ಸೋಲು.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪ್ರಸನ್ನರ ತಂಡಕ್ಕೆ ಆ ಋತುವಿನ ಲೀಗ್‌ನಲ್ಲಿ ಬಾಂಬೆಯ ವಿರುದ್ಧ ಆಡಲು ಅವಕಾಶವೇ ಇರಲಿಲ್ಲ; ಹೊರಗಿನವರ ಜೊತೆ ಆಡುವುದಿದ್ದರೆ ಅದು ಗೆದ್ದರೆ ಉಂಟು ಸೋತರಿಲ್ಲ ಎನ್ನುವ ಪಂದ್ಯ ಮಾತ್ರ. ನಾಕೌಟ್ ಆಟದ ರೋಮಾಂಚನ ಇದ್ದದ್ದು ಅದರಲ್ಲೇ. ಅದರ ಕ್ರೌರ್ಯವೂ ಅದೇ. 1982ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಕರ್ನಾಟಕ ಫೈನಲ್‌ನಲ್ಲಿ 705 ರನ್ ಕೂಡಿಹಾಕಿ ಸೋತಿತು. ದೆಹಲಿ 8 ವಿಕೆಟ್‌ಗೆ 707. ವರ್ಷವಿಡೀ ನೋಡದ ಎದುರಾಳಿಯನ್ನು ಒಂದೇ ಒಂದು ಸಲ ಕಂಡು, ಎರಡು ರನ್ನಿಗೆ ಕಪ್ ಬಿಟ್ಟು ಬಂದದ್ದು.

ಮೈಸೂರು ರಸ್ತೆಯ ಹುಡುಗ

1985–86ರಲ್ಲಿ ಗೋವಾ ದಕ್ಷಿಣ ವಲಯ ಸೇರಿತು. ನಾಲ್ಕಿದ್ದದ್ದು ಐದು ಪಂದ್ಯವಾಯಿತು. ಈ ಐದು ಪಂದ್ಯದ ಕಾಲದಲ್ಲೇ ನಮ್ಮ ರಾಜರಾಜೇಶ್ವರಿನಗರದಿಂದ ಪಟ್ಟಣಗೆರೆ ಕಡೆಗೆ ಹೋಗುವ ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಉದ್ದನೆಯ ಹುಡುಗನೊಬ್ಬ ಮೆಕ್ಯಾನಿಕಲ್ ಓದುತ್ತಿದ್ದ. 1989ರ ನವೆಂಬರ್ ಕೊನೆಯಲ್ಲಿ ಹೈದರಾಬಾದ್ ಎದುರು ರಣಜಿಗೆ ಕಾಲಿಟ್ಟ ಅನಿಲ್ ಕುಂಬ್ಳೆ, 1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್‌ನಲ್ಲಿ ಟೆಸ್ಟ್ ಆಡುತ್ತಿದ್ದರು. ನೆರೆಯವರ ಎದುರಿನ ಪಂದ್ಯದಿಂದ ಇಂಗ್ಲೆಂಡಿಗೆ ಒಂಬತ್ತೇ ತಿಂಗಳು. ರಾಹುಲ್ ದ್ರಾವಿಡ್ ಬಂದ ದಾರಿ ಬೇರೆ. 1991ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಎದುರು ನಾಕೌಟ್ ಪಂದ್ಯದಲ್ಲಿ ಮೊದಲ ಸಲ ಇಳಿದು 82 ಹೊಡೆದರು. ಒಬ್ಬರನ್ನು ಒಳಮನೆ ಕಳಿಸಿತು, ಇನ್ನೊಬ್ಬರನ್ನು ಹೊರಜಗಲಿ ಪರೀಕ್ಷಿಸಿತು.

ವಲಯದ ಒಳಗಿನ ಏರುಪೇರು ಮಾತ್ರ ಕಣ್ಣಿಗೆ ಕುಕ್ಕುವಂತಾಗಿತ್ತು. 1989ರ ಜನವರಿಯಲ್ಲಿ ಪಣಜಿಯಲ್ಲಿ ತಮಿಳುನಾಡು ಗೋವಾದ ಮೇಲೆ 6 ವಿಕೆಟ್‌ಗೆ 912 ಪೇರಿಸಿತು. ಡಬ್ಲ್ಯು.ವಿ. ರಾಮನ್ 313, ಅರ್ಜನ್ ಕೃಪಾಲ್ ಸಿಂಗ್ ಔಟಾಗದೆ 302: ಒಂದೇ ಇನಿಂಗ್ಸಿನಲ್ಲಿ ಎರಡು ತ್ರಿಶತಕ. ಐದು ವರ್ಷ ಕಳೆದು ಸಿಕಂದರಾಬಾದಿನಲ್ಲಿ ಹೈದರಾಬಾದ್ ಆಂಧ್ರದ ಮೇಲೆ 6 ವಿಕೆಟ್‌ಗೆ 944. ಎಂ.ವಿ. ಶ್ರೀಧರ್ ಒಬ್ಬರದೇ 366. ಎರಡೂ ದಕ್ಷಿಣ ವಲಯದ ಲೀಗ್ ಪಂದ್ಯಗಳೇ. ದಾಖಲೆ ಪುಸ್ತಕಕ್ಕೆ ಇವು ಹಬ್ಬ. ಬೌಲ್ ಮಾಡಿದ ಗೋವಾ, ಆಂಧ್ರದ ಹುಡುಗರಿಗೆ? ಅವರೇನು ಕಲಿತರು? ಹೊಡೆದವರಾದರೂ ಏನು ಕಲಿತರು?

ಐದು ಕೂಡಿಸು ನಾಲ್ಕು

ಉತ್ತರ ಎರಡು ಹಂತದಲ್ಲಿ ಬಂತು. 1992–93ರಿಂದ ಪ್ರತಿ ವಲಯಕ್ಕೆ ಮೂರು ಸ್ಥಾನ, ಒಟ್ಟು 15 ತಂಡ. 1995–96ರ ಫೈನಲ್ ಚೆನ್ನೈಯಲ್ಲಿ, ತಮಿಳುನಾಡು ಮತ್ತು ಕರ್ನಾಟಕದ ನಡುವೆ. ಓಣಿಯ ಇಬ್ಬರು ಜಗಳಗಂಟರು ದೇಶದ ಕಪ್ಪಿಗಾಗಿ ಎದುರುಬದುರಾದರು. ಕರ್ನಾಟಕ ಗೆದ್ದಿತು. ಮರುವರ್ಷ, 1996–97ರಲ್ಲಿ, ಈ 15 ತಂಡಗಳನ್ನು ಐದೈದರ ಮೂರು ಗುಂಪು ಮಾಡಿ ‘ಸೂಪರ್ ಲೀಗ್’ ಆರಂಭಿಸಿದರು. ಮೊದಲು ವಲಯದಲ್ಲಿ ಐದು ಪಂದ್ಯ, ಅಲ್ಲಿ ಮೊದಲ ಮೂರರಲ್ಲಿ ನಿಂತರೆ ಮತ್ತೆ ನಾಲ್ಕು ಲೀಗ್ ಪಂದ್ಯ. ಆಮೇಲೆ ಆರು ತಂಡಗಳ ನಾಕೌಟ್.

ಐದು ಕೂಡಿಸು ನಾಲ್ಕು. ರಣಜಿಯ ಇತಿಹಾಸದಲ್ಲಿ ವಲಯದ ಲೀಗ್ ಮತ್ತು ವಲಯದ ಗೋಡೆ ದಾಟಿದ ಲೀಗ್, ಎರಡನ್ನೂ ಒಂದೇ ಋತುವಿನಲ್ಲಿ ಕೊಟ್ಟ ಲೆಕ್ಕ ಇದೊಂದೇ. ಮದ್ರಾಸಿನ ಜಿದ್ದೂ ಉಳಿಯಿತು, ಮುಂಬೈಯ ಮುಖಪರಿಚಯವೂ ಆಯಿತು. ಒಂದು ಪಂದ್ಯ ಕೆಟ್ಟರೆ ಎಲ್ಲವೂ ಮುಗಿಯುತ್ತಿರಲಿಲ್ಲ. ಕರ್ನಾಟಕ ಈ ಲೆಕ್ಕದಲ್ಲಿ ಎರಡು ಸಲ ಗೆದ್ದಿತು: 1997–98ರಲ್ಲಿ ಉತ್ತರ ಪ್ರದೇಶದ ಎದುರು, 1998–99ರಲ್ಲಿ ಮಧ್ಯಪ್ರದೇಶದ ಎದುರು, ಎರಡೂ ಬೆಂಗಳೂರಿನಲ್ಲಿ. ಎರಡನೆಯ ಫೈನಲ್‌ನಲ್ಲಿ ಇನಿಂಗ್ಸ್ ಮುನ್ನಡೆ ಪಡೆದಿದ್ದ ಮಧ್ಯಪ್ರದೇಶಕ್ಕೆ ಡ್ರಾ ಸಾಕಿತ್ತು. ಕೊನೆಯ ದಿನ ವಿಜಯ್ ಭಾರದ್ವಾಜ್ ಆರು ವಿಕೆಟ್ ಕಬಳಿಸಿ 96 ರನ್‌ಗಳ ಗೆಲುವು ತಂದುಕೊಟ್ಟರು. ಅಂದು ಸೋತ ನಾಯಕ ಚಂದ್ರಕಾಂತ್ ಪಂಡಿತ್ 23 ವರ್ಷಗಳ ನಂತರ, 2022ರ ಜೂನ್‌ನಲ್ಲಿ, ಅದೇ ಚಿನ್ನಸ್ವಾಮಿ ಅಂಗಳದಲ್ಲಿ ಕೋಚ್ ಆಗಿ ಮಧ್ಯಪ್ರದೇಶಕ್ಕೆ ರಣಜಿ ಗೆಲ್ಲಿಸಿಕೊಟ್ಟರು.

ನಾವು ಗೆದ್ದದ್ದಕ್ಕೇ ಆ ಲೆಕ್ಕವನ್ನು ಹೊಗಳುತ್ತಿದ್ದೇನೆ ಎಂದು ಯಾರಾದರೂ ಆಡಿಕೊಂಡರೆ, ನಾವು ಸೋತದ್ದನ್ನೂ ಹೇಳಿಬಿಡುತ್ತೇನೆ. 2000ದ ಏಪ್ರಿಲ್‌ನಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಹೈದರಾಬಾದಿನ ವಿ.ವಿ.ಎಸ್. ಲಕ್ಷ್ಮಣ್ ನಮ್ಮ ಬೌಲರುಗಳ ಮೇಲೆ 353 ಹೊಡೆದರು. ಆ ಋತುವಿನಲ್ಲಿ ಅವರು 9 ಪಂದ್ಯಗಳಲ್ಲಿ ಗಳಿಸಿದ್ದು 1415 ರನ್, 8 ಶತಕ. ನಾಲ್ಕು ಪಂದ್ಯದ ಹಳೆಯ ಕಾಲದಲ್ಲಿ ಎಂಥ ಗಂಧರ್ವನೂ ಆ ಎತ್ತರ ಮುಟ್ಟುವಂತಿರಲಿಲ್ಲ. ಆಟಗಾರ ಬೆಳೆಯುವುದು ಪಂದ್ಯಗಳ ಸಂಖ್ಯೆಯಿಂದ. ಎದುರಾಳಿ ಬದಲಾಗುತ್ತಿದ್ದರೆ ಇನ್ನಷ್ಟು.

ಗೋಡೆ ಬಿದ್ದ ಮೇಲೆ

2002–03ರಲ್ಲಿ ವಲಯಗಳನ್ನೇ ಕಿತ್ತುಹಾಕಿದರು. ಬಲಾಢ್ಯ 15 ತಂಡಗಳಿಗೆ ‘ಎಲೈಟ್’, ಉಳಿದವರಿಗೆ ‘ಪ್ಲೇಟ್’. ಹೆಸರುಗಳು ಆಮೇಲೆ ಸೂಪರ್ ಲೀಗ್, ಪ್ಲೇಟ್ ಲೀಗ್ ಎಂದಾದವು. 2012–13ರಲ್ಲಿ ಒಂಬತ್ತೊಂಬತ್ತರ ಗುಂಪುಗಳಾಗಿ 8 ಪಂದ್ಯ, 2017–18ರಲ್ಲಿ ಏಳೇಳರ ನಾಲ್ಕು ಗುಂಪಾಗಿ 6 ಪಂದ್ಯ, ಈಚೆಗೆ ಎಂಟೆಂಟರ ಗುಂಪಿನಲ್ಲಿ 7. ಕೊರೊನಾ ಕಾಲದ 2020–21ರಲ್ಲಿ ರಣಜಿಯೇ ನಡೆಯಲಿಲ್ಲ. ಮರುವರ್ಷ ನಾಲ್ಕರ ಗುಂಪುಗಳಲ್ಲಿ ಮೂರೇ ಲೀಗ್ ಪಂದ್ಯ.

ಗೋಡೆ ಬಿದ್ದದ್ದರಿಂದ ಲಾಭವಾದದ್ದು ಯಾರಿಗೆ? ಸಣ್ಣವರಿಗೆ. ಪ್ಲೇಟ್‌ನಿಂದ ಹೊರಟ ರಾಜಸ್ಥಾನ 2010–11ರಲ್ಲಿ ಕೊನೆಗೂ ಕಪ್ ಎತ್ತಿತು. ವಿದರ್ಭ 2017–18ರಲ್ಲಿ ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ನಮ್ಮನ್ನು 5 ರನ್‌ಗಳಿಂದ ಸೋಲಿಸಿ ಮೊದಲ ಪಟ್ಟಕ್ಕೆ ಏರಿತು. ದಕ್ಷಿಣ ವಲಯದಲ್ಲಿ ದಶಕಗಟ್ಟಲೆ ಕೊನೆಯ ಬೆಂಚಿನಲ್ಲಿ ಕೂತಿದ್ದ ಕೇರಳ 2024–25ರಲ್ಲಿ ಮೊದಲ ಸಲ ಫೈನಲ್ ಮುಟ್ಟಿತು. ಈ ತಂಡಗಳ ಏರಿಕೆ ಕಂಡ ಮೇಲೆ ಹಳೆಯ ವಲಯ ಪದ್ಧತಿಯನ್ನು ಇದ್ದಹಾಗೇ ಮರಳಿ ತನ್ನಿ ಎಂದು ಕೇಳಲು ನನಗೆ ಬಾಯಿ ಬಾರದು.

ನಷ್ಟವೂ ಸಣ್ಣದಲ್ಲ. ಅದೇ 2024–25ರ ಪಟ್ಟಿ ನೋಡಿ. ಕರ್ನಾಟಕ ‘ಸಿ’ ಗುಂಪಿನಲ್ಲಿ, ತಮಿಳುನಾಡು ‘ಡಿ’ಯಲ್ಲಿ, ಹೈದರಾಬಾದ್ ಮತ್ತು ಆಂಧ್ರ ‘ಬಿ’ಯಲ್ಲಿ, ಗೋವಾ ಪ್ಲೇಟ್‌ನಲ್ಲಿ. ಏಳು ಲೀಗ್ ಪಂದ್ಯಗಳಲ್ಲಿ ಹಳೆಯ ನೆರೆಯವನೆಂದು ಉಳಿದದ್ದು ಕೇರಳ ಒಂದೇ. ಆಲೂರಿನಲ್ಲಿ ನಡೆಯಬೇಕಿದ್ದ ಆ ಪಂದ್ಯವನ್ನೂ ಮಳೆ ನುಂಗಿತು. ಕೊನೆಗೆ ಕೇರಳ ಗುಂಪಿನಲ್ಲಿ ಎರಡನೆಯ ಸ್ಥಾನ ಹಿಡಿದು ಮುಂದೆ ಹೋಯಿತು, ನಾವು ಮೂರನೆಯವರಾಗಿ ಮನೆಗೆ. ಅದಾಗುವ ಹತ್ತು ವರ್ಷದ ಹಿಂದೆ, 2015ರಲ್ಲಿ, ವಾಂಖೆಡೆಯ ಫೈನಲ್‌ನಲ್ಲಿ ತಮಿಳುನಾಡಿನ ಎದುರು ಕರುಣ್ ನಾಯರ್ 328 ಹೊಡೆದು, ಕರ್ನಾಟಕ 762 ಪೇರಿಸಿ ಇನಿಂಗ್ಸ್ ಮತ್ತು 217 ರನ್‌ಗಳಿಂದ ಗೆದ್ದಿತ್ತು. ಆ ಗೆಲುವಿಗೆ ಅಷ್ಟು ರುಚಿ ಬಂದದ್ದು ಎದುರಿದ್ದವರು ತಮಿಳುನಾಡು ಎಂಬುದಕ್ಕೆ. ಆ ರುಚಿಯನ್ನು ಊಡಿದ್ದು ಚೆಪಾಕ್‌ನಲ್ಲಿ 48ಕ್ಕೆ ಔಟಾದ ದಿನದಿಂದ ದಶಕಗಟ್ಟಲೆ ನಡೆದ ಓಣಿ ಜಗಳ. ಒಂದು ಋತು ಭೇಟಿಯಾಗಿ, ಮುಂದಿನ ಋತು ಬೇರೆ ಗುಂಪಿಗೆ ಬಿದ್ದು ಮರೆತುಹೋಗುವವರ ನಡುವೆ ಅಂಥ ಜಿದ್ದು ಹುಟ್ಟುವುದಿಲ್ಲ.

ಕ್ರಿಕೆಟ್ ಮಂಡಳಿಗೂ ಈ ವಿಷಯದಲ್ಲಿ ಮನಸ್ಸು ನಿಂತಿಲ್ಲ. 1961–62ರಲ್ಲಿ ವಲಯಗಳ ಹೆಸರಿನಲ್ಲೇ ಹುಟ್ಟಿದ ದುಲೀಪ್ ಟ್ರೋಫಿಯನ್ನು ನಡುವೆ ನೀಲಿ, ಕೆಂಪು, ಹಸಿರು ಎಂದು ಬಣ್ಣದ ತಂಡಗಳಿಗೆ ಹಂಚಿದರು. 2022–23ರಲ್ಲಿ ಮತ್ತೆ ವಲಯಕ್ಕೆ ಬಂದರು. 2023ರ ಜುಲೈನಲ್ಲಿ ಚಿನ್ನಸ್ವಾಮಿಯಲ್ಲಿ ದಕ್ಷಿಣ ವಲಯ ಪಶ್ಚಿಮವನ್ನು ಸೋಲಿಸಿ ಕಪ್ ಗೆದ್ದಾಗ, ರಣಜಿಯಲ್ಲಿ 21 ವರ್ಷದ ಹಿಂದೆಯೇ ಕಣ್ಮರೆಯಾದ ಹೆಸರೊಂದು ಪತ್ರಿಕೆಯ ತಲೆಬರಹದಲ್ಲಿ ಕಂಡಿತು.

ಅಂದು ಸಂಜೆ ಹುಡುಗರಿಗೆ ನಾನು ಈ ಕಥೆಯನ್ನೆಲ್ಲ ಹೇಳಲಿಲ್ಲ. ಐದು ಕೂಡಿಸು ನಾಲ್ಕರ ಲೆಕ್ಕವನ್ನಷ್ಟೇ ಹೇಳಿದೆ: ಮೊದಲು ಅಕ್ಕಪಕ್ಕದ ಕ್ರಾಸ್‌ಗಳ ಲೀಗ್, ಗೆದ್ದವರಿಗೆ ಕೆಂಗೇರಿ, ಪಟ್ಟಣಗೆರೆಯವರ ಜೊತೆ ಇನ್ನೊಂದು ಲೀಗ್, ಕೊನೆಗೆ ನಾಕೌಟ್. ಹುಡುಗರಲ್ಲಿ ಸ್ವಲ್ಪ ದೊಡ್ಡವನು ಬೆರಳು ಮಡಚಿ ಎಣಿಸಿ ನೋಡಿದ. ‘ಗ್ರೌಂಡ್ ಸಿಗೋದು ಭಾನುವಾರ ಮಾತ್ರ ಅಂಕಲ್. ಇಷ್ಟೆಲ್ಲ ಆಡೋಷ್ಟರಲ್ಲಿ ಮಳೆಗಾಲ ಬಂದ್ಬಿಡುತ್ತೆ.’ 1934ರಿಂದ ಇಂದಿನವರೆಗೆ ಈ ಲೆಕ್ಕ ತಪ್ಪುತ್ತ ಬಂದಿರುವುದು ಅಲ್ಲಿಯೇ: ಆಡಬೇಕಾದವರು ಬಹಳ, ದಿನಗಳು ಕಡಿಮೆ. ಹುಡುಗರು ಲೀಗ್ ಬೇಡವೆಂದು ನಾಕೌಟ್‌ಗೆ ಒಪ್ಪಿದರು. ಚೀಟಿ ಎತ್ತಿದಾಗ ಮೊದಲ ಪಂದ್ಯವೇ ಪಕ್ಕದ ಕ್ರಾಸ್‌ನವರ ಜೊತೆ ಬಿತ್ತು. ಕೆಂಗೇರಿ ಬೇಕೆಂದಿದ್ದ ಹುಡುಗ ಮುಖ ಊದಿಸಿಕೊಂಡ. ಭಾನುವಾರ ಮಾತ್ರ ಎಲ್ಲರಿಗಿಂತ ಮೊದಲು ಬಂದು ಗೂಟ ನೆಡುತ್ತಿದ್ದವನು ಅವನೇ.